ಎದುರು ನೋಡುವ ಯಂತ್ರ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಸಂಖ್ಯಾಶಾಸ್ತ್ರ ಕಲಿತು, ಅದನ್ನೇ ಕಾಲೇಜಿನಲ್ಲಿ ಕಲಿಸಿ ನಿವೃತ್ತನಾದವನಿಗೆ ಯಾವುದರ ಮೇಲೂ ಸುಲಭದಲ್ಲಿ ನಂಬಿಕೆ ಹುಟ್ಟುವುದಿಲ್ಲ. ಒಬ್ಬನೇ ಒಂದೇ ಸಲ ನೋಡಿದ್ದನ್ನು ಸಾಕ್ಷ್ಯವೆಂದು ಒಪ್ಪಬಾರದೆಂದು ಎಷ್ಟೋ ಬ್ಯಾಚಿಗೆ ಪಾಠ ಮಾಡಿದ್ದೇನೆ. ಆದರೆ ಈಚೆಗೆ ನನ್ನ ಅನುಮಾನಕ್ಕೆ ಹೆಂಡತಿ ಶಶಿಕಲಾಳ ಬೆಂಬಲವೂ ಸಿಗತೊಡಗಿದೆ. ಮೊನ್ನೆ ಉಪ್ಪಳ ಪೇಟೆಗೆ ಸ್ಕೂಟರಿನಲ್ಲಿ ಹೋದವನು ಬಸ್ಸಿನಲ್ಲಿ ಮನೆಗೆ ಬಂದೆ. ಅಂಗಳದಲ್ಲಿ ಸ್ಕೂಟರ್ ಕಾಣದೆ, ಕಳ್ಳತನವಾಯಿತೆಂದು ಬೊಬ್ಬೆ ಹೊಡೆದೆ. ಶಶಿ ನನ್ನ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಒಮ್ಮೆ ನೋಡಿ, "ಮಂಗಳೂರಿಗೆ ಹೋಗಿ ಒಂದು ಸಲ ತಲೆ ತೋರಿಸಿ ಬರುವ" ಎಂದಳು.

ತಲೆ ತೋರಿಸುವ ಮಾತು ನನಗೆ ಹಿಡಿಸಲಿಲ್ಲ. ನಾಳೆ ಮಗ್ಗಿ ಮರೆತರೂ ಆಸ್ಪತ್ರೆ, ಅವಳ ಹೆಸರು ಮರೆತರೂ ಆಸ್ಪತ್ರೆ ಎಂದಾದರೆ ಉಳಿದ ಆಯುಷ್ಯದ ಗತಿಯೇನು? ಪರೀಕ್ಷೆ ಮಾಡುವುದಿದ್ದರೆ ನನ್ನ ಹಳೆಯ ನೆನಪೊಂದನ್ನೇ ಪರೀಕ್ಷಿಸೋಣ ಎಂದೆ. ಅದು ಕಡವಿನ ಗುಂಡಿಯ ನೆನಪು. ನಮ್ಮ ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಂಡು, ಇಳಿತದ ಹೊತ್ತಿಗೆ ಸೊಂಟದಷ್ಟೇ ನೀರು ಉಳಿಯುವಲ್ಲಿ, ಸೇತುವೆ ಬರುವ ಮೊದಲು ದೋಣಿ ದಾಟುವ ಕಡವಿತ್ತು. ಮದುವೆಯ ಹೊಸತರಲ್ಲಿ, ಹಳದಿ ಹಿಡಿಯ ಕೊಡೆ ಬಿಡಿಸಿ ಅಲ್ಲಿ ನಿಂತಿದ್ದಾಗ, ಗುಂಡಿಯೊಂದರಲ್ಲಿ ತೋಳುದ್ದದ ಮೂರು ಕಾಳಾಂಜಿ ಮೀನುಗಳು ಸಾಲಾಗಿ ತಣ್ಣಗೆ ನಿಂತಿದ್ದನ್ನು ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ನಂಬಿಲ್ಲ. ಹೇಳಿ ಹೇಳಿ ಮೀನು ತೋಳಿನಿಂದ ಕಾಲಿನ ಉದ್ದಕ್ಕೆ ಬೆಳೆದದ್ದೂ ಕಾರಣವಿರಬಹುದು. "ಅಲ್ಲಿ ಮೀನು ಸಿಕ್ಕಿದರೆ ಮತ್ತೆ ತಲೆಯ ಸುದ್ದಿ ಎತ್ತಬಾರದು" ಎಂದೆ. "ಆಯಿತು" ಎಂದಳು. ಯಾವುದಕ್ಕೂ ಅಷ್ಟು ಬೇಗ ಒಪ್ಪಿದವಳಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ನನ್ನ ಧೈರ್ಯಕ್ಕೆ ಕಾರಣ ಅವಳ ತಮ್ಮ ದುಬಾಯಿಯಿಂದ ತಂದು ನಮ್ಮ ಮನೆಯಲ್ಲಿ ಬಿಟ್ಟುಹೋದ, ನೀರೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್. ಸಾಧಾರಣ ಯಂತ್ರ ದೋಣಿಯ ಅಡಿಯನ್ನಷ್ಟೇ ನೋಡುತ್ತದೆ. ಆಳವಿಲ್ಲದ ನೀರಿನಲ್ಲಿ ಅದರಿಂದ ಪ್ರಯೋಜನವಿಲ್ಲ. ದೋಣಿ ತಲೆಯ ಮೇಲೆ ಬರುವವರೆಗೆ ಕಾದು ಕುಳಿತಿರಲು ಮೀನೇನು ನನ್ನ ವಿದ್ಯಾರ್ಥಿಯೇ? ಇದು ಹಾಗಲ್ಲ, ದೂರದಿಂದಲೇ ಮುಂದೆ ನೋಡುತ್ತದೆ. ದೋಣಿಯ ಬಾಬಣ್ಣನಿಗೆ ಇದನ್ನೆಲ್ಲ ವಿವರಿಸಿ, "ಇದು ಎದುರು ನೋಡುವ ಯಂತ್ರ" ಎಂದೆ.

"ಮೀನನ್ನು ಎದುರು ನೋಡುವುದು ನಾನು ನಲ್ವತ್ತು ವರ್ಷದಿಂದ ಮಾಡ್ತಾ ಇದ್ದೇನೆ ಮಾಷೇ. ಅದಕ್ಕೆ ಬ್ಯಾಟರಿ ಎಂತಕ್ಕೆ?" ಎಂದ ಬಾಬಣ್ಣ. "ಮತ್ತೆ ಆ ಕಡವಿನಲ್ಲಿ ಗುಂಡಿಯೂ ಇಲ್ಲ, ಮಣ್ಣೂ ಇಲ್ಲ."

ಬೆಳಿಗ್ಗೆ ಇಳಿತ ನೋಡಿ ಹೊರಟೆವು. ಇಂಜಿನ್ ಬೇಡ, ಮೀನು ಹೆದರುತ್ತದೆ ಎಂದದ್ದಕ್ಕೆ ಬಾಬಣ್ಣ ಗೊಣಗುತ್ತ ಬಿದಿರಿನ ಗಳ ಊರಿದ. ನಾನು ಕೋಲಿನ ತುದಿಗೆ ಕಟ್ಟಿದ್ದ ಯಂತ್ರದ ಕಣ್ಣನ್ನು ನೀರಿಗಿಳಿಸಿದೆ. ಪರದೆಯ ತುಂಬ ಬೆಳ್ಳಗೆ ಏನೋ ಹರಡಿತು. "ಉಪ್ಪಿಟ್ಟು ಕಾಣ್ತದೆ" ಎಂದ ಬಾಬಣ್ಣ. ಕಣ್ಣು ಕೆಳಮುಖವಾಗಿ ಹೊಳೆಯ ತಳವನ್ನೇ ನೋಡುತ್ತಿತ್ತು. ಸ್ವಲ್ಪ ಮೇಲೆತ್ತಿದೆ. ಉಪ್ಪಿಟ್ಟು ಸರಿದು, ಮುಂದೆ ನಾಲ್ಕು ಗೀರುಗಳು ಮೂಡಿದವು.

"ಮೀನು!" ಎಂದು ಕೂಗಿದೆ.

"ಅಲುಗದ ಮೀನು ಯಾವುದು ಮಾರಾಯ್ರೆ?" ಎಂದವನು ಪರದೆಗೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ, "ಅದು ಹಳೆಯ ಕಡವಿನಲ್ಲಿ ದೋಣಿ ಕಟ್ಟುತ್ತಿದ್ದ ಕಂಬಗಳ ಬುಡ. ನೀರಡಿಯಲ್ಲಿ ಇನ್ನೂ ಉಂಟಾ!" ಎಂದ.

ಕೋಲನ್ನು ಕೂದಲೆಳೆಯಷ್ಟು ತಿರುಗಿಸಿದೆ. ಮೂರನೆಯ ಕಂಬದ ಬಲಕ್ಕೆ ತಳದ ಗೆರೆ ಸಟ್ಟನೆ ಕೆಳಗಿಳಿಯಿತು. ಗುಂಡಿ! ಅದರೊಳಗೆ ಅವಲಕ್ಕಿಯಂಥ ಎರಡು ಚುಕ್ಕೆಗಳು ಮೆಲ್ಲನೆ ಮಿಸುಕಿದವು. ಬಾಬಣ್ಣ ದೂರದಲ್ಲೇ ದೋಣಿ ನಿಲ್ಲಿಸಿ ಗಾಳ ಎಸೆದ. ಗಾಳ ಇಳಿಯುವುದು ಕೂಡ ಪರದೆಯಲ್ಲಿ ಕಾಣುತ್ತಿತ್ತು. ಒಂದು ಚುಕ್ಕೆ ತಿರುಗಿತು, ಹತ್ತಿರ ಬಂತು, ನಿಂತಿತು. ಬಾಬಣ್ಣ ಉಸಿರು ಬಿಡಲಿಲ್ಲ. ನಾನಂತೂ ಉಸಿರಾಡುವುದನ್ನೇ ಮರೆತೆ. ಆ ಮರೆವನ್ನು ಲೆಕ್ಕಕ್ಕೆ ಹಿಡಿಯಬಾರದು. ಮರುಕ್ಷಣ ಗಾಳದ ಕೋಲು ಬಿಲ್ಲಿನ ಹಾಗೆ ಬಗ್ಗಿತು. ಸ್ವಲ್ಪ ಹೊತ್ತಿಗೆ ತೋಳುದ್ದದ ಕಾಳಾಂಜಿ ದೋಣಿಯೊಳಗೆ ಪಟಪಟ ಬಡಿಯುತ್ತಿತ್ತು. "ಮಾಷೇ, ನಿಮ್ಮ ತಲೆಯಲ್ಲಿ ಎಂತ ಉಂಟು ಮಾರಾಯ್ರೆ!" ಎಂದ ಬಾಬಣ್ಣ. ಈ ಹೊಗಳಿಕೆಯನ್ನು ಯಾವ ಡಾಕ್ಟರು ಬರೆದುಕೊಟ್ಟಾರು?

ಮೀನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಡುಗೆಮನೆಗೆ ನುಗ್ಗಿದೆ. ಶಶಿ ಕತ್ತಿ ತೊಳೆಯುತ್ತ, "ಮೂರನೆಯ ಕಂಬದ ಬಲಕ್ಕೆ ಅಲ್ವಾ?" ಎಂದಳು.

ನಾನು ಕಂಬದ ಸುದ್ದಿಯನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ನನ್ನ ನೆನಪಿನಲ್ಲಿ ಕಂಬವೇ ಇರಲಿಲ್ಲ.

"ನೋಡಿದ್ದು ನಾನು" ಎಂದಳು. "ನೀವು ಆ ದಿನ ಇಂಟರ್ವ್ಯೂಗೆ ತಿರುವನಂತಪುರಕ್ಕೆ ಹೋದವರು. ಬಂದ ಮೇಲೆ ನಾನು ಹೇಳಿದ್ದು. ಹಳದಿ ಹಿಡಿಯ ಕೊಡೆ ನನ್ನ ತವರಿನದ್ದು."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?"

"ನಾನು ಹೇಳಿದಾಗ ಯಾರೂ ನಂಬಲಿಲ್ಲ. ಕಾಲೇಜಿನ ಮಾಷ್ಟ್ರು ಹೇಳಿದರೆ ನಂಬಿಯಾರು ಅಂತ ಬಿಟ್ಟೆ. ನಿಮ್ಮನ್ನೂ ನಂಬಲಿಲ್ಲ."

ಮಧ್ಯಾಹ್ನ ಅವಳು ಮೀನಿನ ತಲೆಯನ್ನು ನನ್ನ ಬಟ್ಟಲಿಗೇ ಬಡಿಸಿದಳು. "ತಲೆಯ ಸುದ್ದಿ ಎತ್ತುವುದಿಲ್ಲ ಅಂದಿದ್ದೇನೆ, ಬಡಿಸುವುದಿಲ್ಲ ಅನ್ನಲಿಲ್ಲ. ತಿನ್ನಿ. ನಿಮಗೆ ಒಂದು ಹೆಚ್ಚಿಗೆ ಇರಲಿ" ಎಂದಳು.

ಮರುದಿನ ಬಾಬಣ್ಣ ಚಾದಂಗಡಿಯಲ್ಲಿ ಹತ್ತು ಜನರ ಮುಂದೆ ನನ್ನಿಂದ ಆ ಕಥೆ ಹೇಳಿಸಿದ. ಪ್ರಾಮಾಣಿಕವಾಗಿಯೇ ಹೇಳಿದೆ. ಹಳದಿ ಹಿಡಿಯ ಕೊಡೆಯನ್ನು ಶಶಿಯ ಕೈಗೆ ಕೊಟ್ಟೆ, ಮೀನನ್ನು ಮೊದಲು ನೋಡಿದವಳೂ ಅವಳೇ ಎಂದೆ. ಆದರೆ ಕೊಡೆ ದೊಡ್ಡದಿತ್ತು, ಪಕ್ಕದಲ್ಲಿ ನಾನೂ ನಿಂತಿದ್ದೆ. ಈ ಸಲ ಎಲ್ಲರೂ ನಂಬಿದರು. ನಾನೂ.