ಲಾಡಿ ಹೋಗುವ ದಾರಿ

ಓಣಿಯ ತುದಿಯಲ್ಲಿ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ಆಂಜಿಯೋಗ್ರಾಮ್‌ಗೆಂದು ಅದನ್ನು ಹತ್ತಬೇಕಿದ್ದ ಟೈಲರ್ ಹೊಲಿಗೆ ಮಿಷನ್ನಿನ ಮುಂದೆ ಕೂತು, ಎಡಗೈ ಹೆಬ್ಬೆರಳ ಬುಡದಿಂದ ಎದೆಯವರೆಗೆ ಟೇಪು ಹಿಡಿದಿದ್ದ. ಚೀಲ ಹೆಗಲಿಗೇರಿಸಿ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಟೈಲರ್: ನೋಡು, ಮೂವತ್ತೊಂದು ಇಂಚು! ನೋವಿರೋದು ಎದೇಲಿ, ಹೃದಯಕ್ಕೆ ಟ್ಯೂಬು ತೂರಿಸೋಕೆ ಡಾಕ್ಟ್ರು ತೂತು ಮಾಡೋದು ಕೈಲಿ. ಜೇಬು ಹರಿದ್ರೆ ಯಾರಾದ್ರೂ ಕಾಲರ್ ಬಿಚ್ತಾರಾ?

ಹೆಂಡತಿ: ಪೈಜಾಮಕ್ಕೆ ಲಾಡಿ ಹಾಕೋವಾಗ ನೀವು ಸೊಂಟ ಪೂರ್ತಿ ಬಿಚ್ತೀರಾ? ಒಂದು ಸಣ್ಣ ಕಂಡಿ, ಒಂದು ಪಿನ್ನು. ಸುತ್ತಿ ಬರಲ್ವಾ?

ಟೈಲರ್ ಟೇಪನ್ನು ಕೊರಳಿಗೆ ಹಾಕಿಕೊಂಡ.

ಟೈಲರ್: ಆಯ್ತು, ಲಾಡಿ ಅಂತಲೇ ಇಟ್ಕೋ. ಎಲ್ಲರಿಗೂ ಮಣಿಕಟ್ಟಲ್ಲಿ ತೂರಿಸ್ತಾರೆ. ನಂಗ್ಯಾಕೆ ಹೆಬ್ಬೆರಳ ಹಿಂದಿನ ಗುಳೀಲಿ?

ಹೆಂಡತಿ: ಅಲ್ಲಿ ರಕ್ತನಾಳ ಮೂಳೆ ಮೇಲೇ ಇರುತ್ತಂತೆ. ಒತ್ತಿ ಹಿಡಿದ್ರೆ ರಕ್ತ ಬೇಗ ನಿಲ್ಲುತ್ತೆ. ಮಣಿಕಟ್ಟಿನ ನಾಳ ಮುಚ್ಚಿಹೋಗೋ ಭಯಾನೂ ಕಡಿಮೆ. ಕೈನ ಹೊಟ್ಟೆ ಮೇಲಿಟ್ಕೊಂಡು ಆರಾಮಾಗಿ ಮಲಗಬಹುದು. ಡಾಕ್ಟರಿಗೂ ಅಷ್ಟು ಬಗ್ಗೋದು ತಪ್ಪುತ್ತೆ.

ಟೈಲರ್: ಅಂದ್ರೆ ಅವರ ಸೊಂಟ ಉಳಿಸೋಕೆ ನನ್ನ ಕೈ!

ಹೆಂಡತಿ: ನಿಮ್ಮ ಕತ್ತರಿ ಕೈ ಉಳಿಸೋಕೆ ರೀ! ಎಡಗೈಲೇ ಮಾಡಿ ಡಾಕ್ಟ್ರೇ, ಬಲಗೈಲಿ ನಮ್ಮನೆ ನಡೆಯುತ್ತೆ ಅಂತ ನಾನೇ ಕೇಳ್ಕೊಂಡೆ.

ಟೈಲರ್: ಎಡಗೈ ಏನು ಬಿಟ್ಟಿ ಬಂದಿದ್ದಾ? ಬಟ್ಟೆ ಸರಿಸೋದು ಅದೇ ತಾನೆ.

ಹೆಂಡತಿ: (ದನಿ ತಗ್ಗಿಸಿ) ನಿನ್ನೆ ಮೂರನೇ ಮೆಟ್ಟಿಲಲ್ಲಿ ಎದೆ ಹಿಡ್ಕೊಂಡು ಕೂತ್ರಲ್ಲ, ಆಗ ನಿಮ್ಮ ಎರಡು ಕೈನೂ ಹಿಡಿದೋಳು ನಾನು. ತಣ್ಣಗಿದ್ವು.

ಅವನು ಮಿಷನ್ನಿನ ಚಕ್ರವನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿದ.

ಟೈಲರ್: ಎಷ್ಟು ದಿನ ಕೆಲಸ ಬಿಡ್ಬೇಕು?

ಹೆಂಡತಿ: ಎಡಗೈಲಿ ಸ್ವಲ್ಪ ದಿನ ಭಾರ ಎತ್ತಬಾರ್ದು, ಅಷ್ಟೇ. ಗಿರಾಕಿಗಳಿಗೆ ಒಂದು ವಾರ ಬರಬೇಡಿ ಅಂದಿದೀನಿ. ಪರದೆ ಬಟ್ಟೆ ತೆಗೆದಿಟ್ಟಿದೀನಿ.

ಟೈಲರ್: ಯಾವ ಪರದೆ?

ಹೆಂಡತಿ: ಟೈಲರ್ ಮನೆ ಕಿಟಕೀಗೆ ಆರು ವರ್ಷದಿಂದ ನ್ಯೂಸ್‌ಪೇಪರ್ ಅಂಟಿಸಿದೀವಲ್ಲ, ಆ ಪರದೆ. ಗಿರಾಕಿ ಇಲ್ಲ, ಬಲಗೈ ಖಾಲಿ. ಅಂಚು ಕೈಹೊಲಿಗೇಲೇ ಆಗುತ್ತೆ.

ಟೈಲರ್: ಲೇ, ತೊಡೆಸಂದಿಯಿಂದಲೇ ಮಾಡಿಸ್ಬಿಡೋಣ. ಕ್ಷೌರದಂಗಡಿಯವನಿಗೆ ಹಾಗೇ ಮಾಡಿದ್ರು. ಇಡೀ ದಿನ ಅಂಗಾತ ಮಲಗಿದ್ದ. ಒಬ್ರೂ ಕೆಲಸ ಹೇಳಲಿಲ್ಲ!

ಹೆಂಡತಿ: ಮಗ್ಗುಲಾಗೋಕೂ ಬಿಡ್ಲಿಲ್ಲ ಅಂತ ಇವತ್ತಿಗೂ ಗೊಣಗ್ತಾನೆ, ಅದೂ ಗಿರಾಕಿ ಕತ್ತಿನ ಮೇಲೆ ಕತ್ತಿ ಇಟ್ಕೊಂಡು.

ಟೈಲರ್ ನಿಟ್ಟುಸಿರುಬಿಟ್ಟು ಎದ್ದ. ಅವಳು ಮುಖ ತಿರುಗಿಸಿ ಚೀಲದ ಪಟ್ಟಿ ಸರಿಮಾಡಿಕೊಂಡಳು.

ಟೈಲರ್: ನಡಿ, ಮುಂದಿನ ಬಸ್ಸು ಹಿಡಿಯೋಣ. ಎಡಗೈ ಗುಳೀಲೇ ತೂರಿಸ್ಲಿ. ಆದ್ರೆ ಡಾಕ್ಟರ ಹತ್ರ ನಾನೊಬ್ನೇ ಎರಡು ಮಾತಾಡ್ಬೇಕು. ನೀನು ಹೊರಗೆ ಕೂತಿರು.

ಹೆಂಡತಿ: ಏನಂತೆ ಅಂಥಾ ಗುಟ್ಟು?

ಟೈಲರ್: (ಚಪ್ಪಲಿ ಮೆಟ್ಟಿ ಓಣಿಗಿಳಿಯುತ್ತ) ಏನಿಲ್ವೇ. ಡಾಕ್ಟ್ರೇ, ಹೇಗೂ ಎಡಗೈಗೆ ಪಟ್ಟಿ ಸುತ್ತುತೀರಲ್ಲ, ಇನ್ನೊಂದು ಮೊಳ ತಗೊಂಡು ಸುಮ್ನೆ ಬಲಗೈಗೂ ಒಂದು—