ತಂಪಿನ ಕೊಳವೆಗೆ ಹುಣಸೆಹಣ್ಣು

ನಮ್ಮ ಸೋದರಮಾವ ಎಮ್ಮೆ ಸಾಕಲಿಲ್ಲ, ನಾಯಿ ಸಾಕಲಿಲ್ಲ, ತಂಪು ಸಾಕಿದರು. ನಗಬೇಡಿ! ಗಜೇಂದ್ರಗಡದ ಬೇಸಿಗೆಯಲ್ಲಿ ಗುಡ್ಡದ ಬಂಡೆಗಳು ಹಗಲಿಡೀ ಕಾದು, ಸಂಜೆಗೆ ಆ ಕಾವನ್ನೆಲ್ಲ ಊರಿನ ಮೇಲೆ ಬಿಡುತ್ತವೆ. ಅಂಥದರಲ್ಲಿ ಒಂದು ಕೋಣೆಯಷ್ಟು ತಂಪನ್ನು ಕೂಡಿಹಾಕಿ, ಬಾಗಿಲ ಸಂದಿಗೆ ಹಳೇ ಧೋತರ ತುರುಕಿ, ಓಡಿಹೋಗದಂತೆ ಕಾಯುವುದು ಸಾಕಣೆಯಲ್ಲದೆ ಮತ್ತೇನು?

ಇದೆಲ್ಲ ಅತ್ತೆಗಾಗಿ. ನಮ್ಮ ಕಡೆ ಬೇಸಿಗೆಯಲ್ಲಿ ಮನೆಯೊಳಗೆ ಯಾರು ಮಲಗುತ್ತಾರೆ? ಓಣಿಗೆ ಓಣಿಯೇ ಹಾಸಿಗೆ ಹೊತ್ತು ಮಾಳಿಗೆ ಹತ್ತುತ್ತದೆ. ಸೊಂಟದ ಆಪರೇಶನ್ ಆದಮೇಲೆ ಅತ್ತೆಗೆ ನಿಚ್ಚಣಿಕೆ ಹತ್ತುವುದು ಬಂದ್ ಆಯಿತು. ಒಂದಿಡೀ ಬೇಸಿಗೆಯನ್ನು ಅವರು ಕೆಳಗಿನ ಕೋಣೆಯಲ್ಲಿ ಬೀಸಣಿಗೆ ಹಿಡಿದು ಕೂತೇ ಕಳೆದರು. ನಿದ್ದೆಗೆಟ್ಟು ಮುಖ ಸೊರಗಿಹೋಯಿತು. ಇಂಥ ಇನ್ನೊಂದು ಬೇಸಿಗೆ ಬಂದರೆ ಆಕೆ ನನಗೆ ಉಳಿಯುವುದಿಲ್ಲ ಎಂದು ನಮ್ಮ ಅವ್ವನ ಮುಂದೆ ಕಣ್ಣೀರು ಹಾಕಿದ ಮಾವ, ಮರುವರ್ಷ ಹುಬ್ಬಳ್ಳಿಯಿಂದ ಎ.ಸಿ. ತಂದು ಕೂಡಿಸಿದರು. ಓಣಿಗೆ ಅದೇ ಮೊದಲನೆಯದು.

ಆಮೇಲೆ ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ತಂಪು! ಮುಶಿಗೇರಿಯಿಂದ ಲಗ್ನಪತ್ರಿಕೆ ಕೊಡಲು ಬಂದ ಬೀಗರೊಬ್ಬರು, ಐದು ನಿಮಿಷ ಕೂತು ಹೋಗುತ್ತೇನೆಂದು ಒಳಗೆ ಹೋದವರು, ಕಡೇ ಬಸ್ಸು ಹೋದರೂ ಏಳಲಿಲ್ಲ. ಮರುದಿನ ಅವರನ್ನು ಹುಡುಕಿಕೊಂಡು ಬಂದ ಅವರ ಹೆಂಡತಿಯೂ ಅಲ್ಲೇ ಗೋಡೆಗೊರಗಿ ಗೊರಕೆ ಹೊಡೆದರು. ಅವರ ತಪ್ಪೇನಿದೆ? ಯಂತ್ರದ ಆ ಗುಂಯ್‌ಗುಟ್ಟುವಿಕೆ, ಕಿಟಕಿಯ ಗಾಜಿನಾಚೆ ಗುಡ್ಡದ ಮೇಲೆ ನಿದ್ದೆಗಣ್ಣಲ್ಲಿ ತಿರುಗುವ ಗಾಳಿಯಂತ್ರಗಳು! ಆ ಕೋಣೆಯಲ್ಲಿ ಕೂತರೆ ನಾನು ಯಾರು, ಯಾವ ಊರು ಎಂಬುದೆಲ್ಲ ನಿಧಾನವಾಗಿ ಮರೆತುಹೋಗುತ್ತಿತ್ತು.

ಆ ಬೀಗರ ದೆಸೆಯಿಂದ ಮನೆಯಲ್ಲಿ ಹೊಸ ಕಾಯಿದೆ ಬಂತು. ಜನರ ಉಸಿರಿಗೆ ತಂಪು ಕರಗುತ್ತದೆ, ಆದ್ದರಿಂದ ಒಳಗೆ ಅತ್ತೆ ಒಬ್ಬರೇ. ಮಾವ ತಮ್ಮ ಉಸಿರಿಗೂ ವಿನಾಯಿತಿ ಕೊಡಲಿಲ್ಲ. ಹಾಸಿಗೆ ಹೊತ್ತು ಮಾಳಿಗೆಗೆ ಹೋದರು. ಹಗಲು ಅಂಗಡಿಯಿಂದ ಊಟಕ್ಕೆ ಬಂದಾಗ ಬಾಗಿಲನ್ನು ಬೆರಳಷ್ಟು ತೆರೆದು, "ತಂಪ ಆತೇನು?" ಎಂದು ಕೇಳುವುದು. ಒಳಗಿನಿಂದ "ಭಾಳ ತಂಪ ಆತ್ರಿ" ಎಂದು ಬಂದರೆ, ತಮಗೇ ನಿದ್ದೆ ಹತ್ತಿದಷ್ಟು ಸುಖವಾಗಿ ಊಟಕ್ಕೆ ಕೂರುವುದು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾವನದು ಭಾಂಡೆ ಅಂಗಡಿ, ತಾಮ್ರ-ಹಿತ್ತಾಳೆ ಪಾತ್ರೆಗಳ ವ್ಯಾಪಾರ. ಮಾಸಿದ ತಾಮ್ರ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಎ.ಸಿ. ಕೂಡಿಸಿದವರು ಹೊರಗೋಡೆಯ ಕೊಳವೆಗಳಿಗೆ ಕರೀ ರಬ್ಬರು ಹೊದಿಸಿ, ಬಿಳೀ ಪಟ್ಟಿ ಸುತ್ತಿ ಹೋಗಿದ್ದರು. ಒಂದು ದಿನ ಪಟ್ಟಿ ಜಾರಿ ಒಳಗೆ ತಾಮ್ರ ಮಿಣುಕಿತು. ಮುಗಿಯಿತು! ರಬ್ಬರು ಕಿತ್ತು ತಿಪ್ಪೆಗೆ ಹೋಯಿತು. ಅಮಾವಾಸ್ಯೆಗೊಮ್ಮೆ ಹಂಡೆ, ಕೊಡ, ತಂಬಿಗೆಗಳ ಸಾಲಿನಲ್ಲಿ ಎ.ಸಿ. ಕೊಳವೆಗೂ ಹುಣಸೆಹಣ್ಣು, ಬೂದಿ, ತೆಂಗಿನ ನಾರಿನ ಸೇವೆ ಶುರುವಾಯಿತು. ಬರಿಮೈಯ ಕೊಳವೆಯ ಮೇಲೆ ನೀರಹನಿ ಮೂಡಿದ್ದನ್ನು ಕಂಡು ಮಾವ ನನ್ನನ್ನು ಕರೆದು ತೋರಿಸಿದರು.

"ನೋಡವಾ, ಒಳಗ ತಂಪ ಹೆಚ್ಚಾಗಿ ಹೊರಗ ಬೆವರಾಕತ್ತೈತಿ."

ಆ ಬೆವರನ್ನು ತಂಬಿಗೆಯಲ್ಲಿ ಹಿಡಿದು ತುಳಸಿಗೆ ಹಾಕಿದ್ದೂ ಉಂಟು.

ಮುಂದಿನ ಬೇಸಿಗೆ ಸೂಟಿಗೆ ಅಬ್ಬಿಗೇರಿಯ ಶಾಲೆಯಿಂದ ನಾನು ಮತ್ತೆ ಹೋದೆ. ಶಿಕ್ಷಕಿಗೆ ಸೂಟಿಯಲ್ಲಿ ತಂಪಿಗಿಂತ ದೊಡ್ಡ ಆಸೆ ಯಾವುದಿರುತ್ತದೆ? ಮಾವ ಅಂಗಡಿಯಲ್ಲಿದ್ದಾಗ ಕಾಯಿದೆ ಮುರಿದು ಒಳಗೆ ನುಗ್ಗಿದೆ. ಕೋಣೆ ಒಲೆಯಂತೆ ಕಾದಿತ್ತು! ಯಂತ್ರ ಗುಂಯ್ ಎನ್ನುತ್ತಿತ್ತು, ಗಾಳಿಯೂ ಬರುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಅಂಥದರಲ್ಲಿ ಅತ್ತೆ ಕೌದಿ ಹೊದ್ದು ಮಲಗಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟರು.

"ಸುಮ್ನಿರವಾ. ತಂಪ ಹೋಗಿ ಭಾಳ ದಿನ ಆತು. ಅವರು ಎಷ್ಟ ಆಸೆಲೆ ತಂದಾರ, ಹ್ಯಾಂಗ ಹೇಳ್ಲಿ?"

ಹೊರಗೆ ಮಾವನ ಚಪ್ಪಲಿ ಸಪ್ಪಳವಾಯಿತು. ಅತ್ತೆ ಕೌದಿಯನ್ನು ಗಂಟಲವರೆಗೆ ಎಳೆದುಕೊಂಡರು. ಬಾಗಿಲು ಬೆರಳಷ್ಟು ತೆರೆಯಿತು, ಅದೇ ಪ್ರಶ್ನೆ ಬಂತು, ಅದೇ ಉತ್ತರ ಹೋಯಿತು. ಅತ್ತೆಯ ಮುಖ ಹಿಂದಿನಂತೆಯೇ ಸೊರಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಎರಡು ದಿನ ಕಳೆದಿರಬೇಕು. ಅತ್ತೆಗೆ ತಲೆ ಸುತ್ತಿ ಬಂದು, ಗುಳಿಗೆ ಕೊಡಲು ಮಾವ ಒಳಗೆ ಬರಲೇಬೇಕಾಯಿತು. ಗಾಬರಿಯಲ್ಲಿ ಕೋಣೆಯ ಕಾವು ಗಮನಕ್ಕೆ ಬರದೆ, ಆಕೆಯನ್ನು ಎಬ್ಬಿಸಲು ದಿಂಬಿನ ಕೆಳಗೆ ಕೈ ಹಾಕಿದರು. ದಿಂಬು ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು. ಮಾವ ಒದ್ದೆಯಾದ ಅಂಗೈಯನ್ನು ನೋಡಿದರು, ಕೌದಿಯನ್ನು ನೋಡಿದರು. ಹೊರಗೆ ಹೋಗಿ ಫೋನು ಹಚ್ಚಿದರು.

ರೋಣದಿಂದ ಮೆಕ್ಯಾನಿಕ್ ಬಂದ. ಕೊಳವೆಯ ಜೋಡಣೆಗೆ ಸಾಬೂನಿನ ನೊರೆ ಹಚ್ಚಿದ. ಒಂದು ಗುಳ್ಳೆ ನಿಧಾನವಾಗಿ ಉಬ್ಬಿ, ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆದು ಒಡೆಯಿತು. ಹಿಂದೆಯೇ ಇನ್ನೊಂದು. ಮಾವ ಕನಸಿನಲ್ಲಿದ್ದವರಂತೆ ನೋಡುತ್ತ ನಿಂತರು. ತಿಕ್ಕಿ ತಿಕ್ಕಿ ಜೋಡಣೆ ಸಡಿಲಾಗಿ ಒಳಗಿನ ಗ್ಯಾಸು ಸೋರಿದೆ, ಅದನ್ನು ಬಿಗಿಮಾಡಿ ಹೊಸದಾಗಿ ತುಂಬಬೇಕು ಎಂದ ಮೆಕ್ಯಾನಿಕ್. ಗ್ಯಾಸ್ ತಾನೇ, ಅಡುಗೆಮನೆಯಲ್ಲಿ ಭರ್ತಿ ಸಿಲಿಂಡರ್ ಇದೆ, ತರುತ್ತೇನೆ ಎಂದು ಮಾವ ಹೊರಟೇಬಿಟ್ಟರು! ಮೆಕ್ಯಾನಿಕ್ ಅವರ ಕೈ ಹಿಡಿದು ಕೂರಿಸಬೇಕಾಯಿತು.

"ಇದನ್ನ ಯಾರು ತಿಕ್ಕಿದ್ರಿ ಸಾವಕಾರ್ರ?"

ಮಾವ ಬಾಯಿ ತೆರೆಯುವ ಮೊದಲೇ ಕಿಟಕಿಯಿಂದ ಅತ್ತೆಯ ಧ್ವನಿ ಬಂತು. "ನಾನ ತಿಕ್ಕಿಸಿದ್ದೆ, ತಮ್ಮಾ."

ಜನ್ಮದಲ್ಲಿ ತಪ್ಪು ಒಪ್ಪಿಕೊಳ್ಳದ ಮಾವ ತಲೆ ಅಲ್ಲಾಡಿಸಿದರು. "ಇಲ್ಲಪಾ, ನಾನ ತಿಕ್ಕಿದ್ದು. ಆಕಿ ನನ್ನ ಸಲುವಾಗಿ ಸುಳ್ಳ ಹೇಳಿದ್ದು ಸಾಕು."

ಸಂಜೆಗೆ ಗ್ಯಾಸು ತುಂಬಿ, ಕೊಳವೆಗೆ ಮತ್ತೆ ರಬ್ಬರು ಬಂತು. ಗುಡ್ಡದ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಮಾವ ಮಾಳಿಗೆ ಹತ್ತಿ ತಮ್ಮ ಹಾಸಿಗೆ ಇಳಿಸಿಕೊಂಡು ಬಂದು ಅತ್ತೆಯ ಮಂಚದ ಪಕ್ಕ ಹಾಸಿದರು. ಇಬ್ಬರ ಉಸಿರಿಗೆ ತಂಪು ಕರಗುವುದಿಲ್ಲವೇ ಎಂದು ನಾನು ಕೆಣಕಿದೆ. ಕರಗಿದರೆ ಕರಗಲಿ ಎಂದರು.

ಅಂದಿನಿಂದ ಅವರು ತಂಪಾಯಿತೇ ಎಂದು ಕೇಳುವುದಿಲ್ಲ. ಅತ್ತೆಯ ದಿಂಬಿನ ಕೆಳಗೆ ಕೈಯಿಟ್ಟು ನೋಡುತ್ತಾರೆ. ಅದು ಒಣಗಿದ್ದರೆ ಮಾತ್ರ ಮಲಗುತ್ತಾರೆ.