ಒಣಗಣ್ಣಿನ ವ್ಯಾಖ್ಯೆಗೆ ಒಂದು ತಿದ್ದುಪಡಿ

ಸದಾ ನೀರು ಸುರಿಸುವ ಕಣ್ಣನ್ನು ಇನ್ನು ಮುಂದೆ ಒಣಗಿದ ಕಣ್ಣೆಂದೇ ಪರಿಗಣಿಸತಕ್ಕದ್ದೆಂದು ಮದುರೈಯ ನೇತ್ರವೈದ್ಯರ ವ್ಯಾಖ್ಯಾ ಸಮಿತಿಯು ಬನ್ ಪರೋಟದ ವಿರಾಮಕ್ಕೆ ಮುಂಚೆ ಸರ್ವಾನುಮತದಿಂದ ತೀರ್ಮಾನಿಸಿತು. ಒಣಗಿದ ಕಣ್ಣು ಉರಿ ತಾಳಲಾರದೆ ನೀರು ಸುರಿಸುತ್ತದೆ. ಆದ್ದರಿಂದ ಹರಿಯುವ ನೀರೇ ಬರಗಾಲಕ್ಕೆ ಸಾಕ್ಷಿ. ಈ ವಾಕ್ಯ ಡಾಕ್ಟರ್ ಮಂಗೈಯರ್ಕರಸಿಯದು. ಅದನ್ನು ಬರೆದ ಸಂಭ್ರಮದಲ್ಲಿ ಆಕೆ ಇನ್ನೊಂದು ಪರೋಟ ಹಾಕಿಸಿಕೊಂಡಿದ್ದಳು.

ಮುಂದಿನ ವಾರ ಆಕೆಯ ಅತ್ತೆ ತೀರಿಕೊಂಡರು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಒಪ್ಪಾರಿ ಎಂಬ ಸಾವಿನ ಹಾಡು ಹಾಡಿಕೊಂಡು ಅತ್ತರು. ಮಂಗೈಗೆ ಅಳು ಬರಲಿಲ್ಲ. ಬೆಳಗಾದರೆ ಮರೆತು ಎರಡು ಲೋಟ ಕಾಫಿ ಬೆರೆಸುತ್ತಿದ್ದಳು, ಒಂದನ್ನು ಚೆಲ್ಲುತ್ತಿದ್ದಳು. ಆದರೆ ಕಾಫಿ ಯಾವ ವ್ಯಾಖ್ಯೆಯೊಳಗೂ ಬರುವುದಿಲ್ಲ.

ನಾದಿನಿ ಸೌಂದರವಲ್ಲಿ ನೆಂಟರೆಲ್ಲರ ಪರವಾಗಿ ಪ್ರಕಟಿಸಿದಳು: "ಅಳದ ಸೊಸೆ ಹದಿನಾರನೇ ದಿನದ ಕಾರ್ಯಕ್ಕೆ ದೀಪ ಹಚ್ಚೋ ಹಾಗಿಲ್ಲ."

"ನಂಗೆ ಕಣ್ಣಿನ ರೋಗ ಇರಬೇಕು ಕಣೇ," ಎಂದಳು ಮಂಗೈ, ಕಲಿತ ವಿದ್ಯೆ ಒಮ್ಮೆಯಾದರೂ ತನ್ನ ಮಾನ ಕಾಯಲೆಂದು.

"ಹಾಗಾದ್ರೆ ತೋರಿಸ್ಕೊಳ್ಳಿ. ನಾನೂ ಬರ್ತೀನಿ. ಡಾಕ್ಟರು ಡಾಕ್ಟರು ಸೇರಿ ಏನಾದ್ರೂ ಮಾಡ್ಬಿಟ್ರೆ?"

ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಅರುಣಗಿರಿಯವರು ಕಣ್ಣೀರು ಅಳೆಯುವ ಕಾಗದದ ಪಟ್ಟಿಯನ್ನು ಮಂಗೈಯ ಕೆಳರೆಪ್ಪೆಗೆ ಸಿಕ್ಕಿಸಿ ಕಾದರು. ಪಟ್ಟಿ ಎಷ್ಟು ನೆನೆಯಬೇಕೋ ಅಷ್ಟೇ ನೆನೆಯಿತು.

"ಆಹಾ, ಹುಡುಗರಿಗೆ ಪಾಠಕ್ಕೆ ತೋರಿಸೋ ಅಂಥ ಕಣ್ಣಮ್ಮಾ!"

"ಸಣ್ಣಪುಟ್ಟದ್ದೇನಾದ್ರೂ ಇದೆಯಾ ನೋಡಿ ಸರ್."

"ಏನೂ ಇಲ್ಲ. ರೋಗ ಇರೋದು ಇವರಿಗೆ." ಅತ್ತು ಅತ್ತು ಕೆಂಪಾದ ಸೌಂದರವಲ್ಲಿಯ ಕಣ್ಣು ಸುರಿಯುತ್ತಲೇ ಇತ್ತು. "ಶುದ್ಧ ಒಣಗಣ್ಣು. ವ್ಯಾಖ್ಯೆ ಬರೆದವರು ನೀವೇ ತಾನೆ?"

"ಇಷ್ಟು ಅತ್ರೂ ಒಣಗಣ್ಣು ಅಂತೀರಾ?" ಸೌಂದರವಲ್ಲಿ ಸಿಡಿದಳು. ಆಮೇಲೆ ಯೋಚಿಸಿ ನೋಡಿ ಮುಖ ಅರಳಿಸಿದಳು. "ನೋಡಿದ್ರಾ ಅತ್ತಿಗೆ, ಅಮ್ಮನಿಗೋಸ್ಕರ ನಾನು ರೋಗ ಬರಿಸ್ಕೊಂಡೆ. ನಿಮಗೆ ಒಂದು ನೆಗಡಿನೂ ಬರಲಿಲ್ಲ!"

ಮಂಗೈಯ ವಿನಂತಿಯ ಮೇರೆಗೆ ಸಮಿತಿಯು ತುರ್ತಾಗಿ ಸೇರಿ ತಿದ್ದುಪಡಿ ತಂದಿತು: 'ಅಳಬೇಕಾದಲ್ಲಿ ಅಳದ ಕಣ್ಣೂ ಒಣಗಣ್ಣೇ. ಇದನ್ನು ಪತ್ತೆಹಚ್ಚುವ ಅಧಿಕಾರ ರೋಗಿಯ ನಾದಿನಿಯದು. ಕಾಗದದ ಪಟ್ಟಿಯ ಅಗತ್ಯವಿಲ್ಲ.'

ಹದಿನಾರನೇ ದಿನ ಸೌಂದರವಲ್ಲಿ ನೆಂಟರೆದುರು ಅತ್ತಿಗೆಯ ಗದ್ದ ಹಿಡಿದೆತ್ತಿ, ರೆಪ್ಪೆ ಬಿಡಿಸಿ ನೋಡಿ, "ಒಣಗಿದೆ" ಎಂದು ಘೋಷಿಸಿದಳು. ಒಣಗಣ್ಣಿಗೆಂದು ಅರುಣಗಿರಿಯವರು ತನಗೆ ಕೊಟ್ಟಿದ್ದ ಹನಿ ಔಷಧಿಯನ್ನೇ ಧಾರಾಳವಾಗಿ ಬಿಟ್ಟಳು. ಅದು ಕೆನ್ನೆಗಿಳಿಯಿತು. ಮಂಗೈ ದೀಪ ಹಚ್ಚಿದಳು.

"ಪಾಪ, ಅತ್ತೆ ಅಂದ್ರೆ ಪ್ರಾಣ ಇವಳಿಗೆ," ಎಂದು ಹಿರಿಯರೊಬ್ಬರು ಕರಗಿದರು. "ಇನ್ನೆಷ್ಟು ದಿನ ಹೀಗೆ ಅಳ್ತಾಳಮ್ಮಾ?"

"ಬಾಟ್ಲಿ ಮುಗಿಯೋವರೆಗೂ," ಎಂದಳು ಸೌಂದರವಲ್ಲಿ.

ಎಲ್ಲರೂ ಸಮಾಧಾನದಿಂದ ಎಲೆ ಮುಂದೆ ಕೂತರು.